ಪೊಟಾಟೊಗೆ ಬೇಕಾದ ಇ, ಫೋಟೊಗೆ ಯಾಕೆ ಬೇಡ?

ಪ್ರಶ್ನೆ: ಮೇಡಂ, ನನ್ನ ಮಗಳು ಐದನೇ ಕ್ಲಾಸು. ಪೊಟಾಟೊ, ಟೊಮೆಟೊ ಬಹುವಚನಕ್ಕೆ ಇ-ಎಸ್ ಹಾಕಿದಳು, ಸರಿ ಅಂದರು. ಅದೇ ಥರ ಫೋಟೊಗೂ ಹಾಕಿದಳು, ತಪ್ಪು ಅಂದರು. ಬಸ್ಸಿಗೆ ಇ-ಎಸ್ ಅಂತೆ, ಪೆನ್ನಿಗೆ ಬರೀ ಎಸ್ ಅಂತೆ. ನಾನು ಓದಿದ್ದು ಕನ್ನಡ ಮೀಡಿಯಂ. ಇದಕ್ಕೆಲ್ಲ ಒಂದು ಲೆಕ್ಕ ಇದೆಯಾ, ಇಲ್ಲ ಬಾಯಿಪಾಠವೇ ಗತಿಯಾ?
– ಓದುಗರು, ಅರಸೀಕೆರೆ

ಉತ್ತರ: ಲೆಕ್ಕ ಇದೆ. ಅದರಲ್ಲಿ ಹೆಚ್ಚಿನದು ಕಿವಿಗೇ ಸಿಗುತ್ತದೆ. ಫೋಟೊ ಆಮೇಲೆ ನೋಡೋಣ, ಮೊದಲು ಬಸ್ಸು.

ಮಗಳಿಗೆ ಚಪ್ಪಾಳೆ ತಟ್ಟುತ್ತಾ ಹೇಳಲು ಹೇಳಿ. ‘ಪೆನ್’, ಒಂದು ಚಪ್ಪಾಳೆ. ‘ಪೆನ್ಸ್’, ಆಗಲೂ ಒಂದೇ. ‘ಬಸ್’, ಒಂದು. ‘ಬಸಿಸ್’, ಎರಡು. ಆ ಹೆಚ್ಚಿನ ಚಪ್ಪಾಳೆಗೆ ಒಂದು ಸ್ವರ ಬೇಕಲ್ವಾ? ಆ ಸ್ವರವೇ ಇ. ಬಾಕ್ಸ್, ಬೆಂಚ್, ಬ್ರಶ್ ಎಲ್ಲಕ್ಕೂ ಇದೇ ಲೆಕ್ಕ. ಹೇಳಿ ನೋಡಿ, ನಡುವೆ ಸ್ವರ ಇಲ್ಲದೆ ಇನ್ನೊಂದು ‘ಸ್’ ಅಂಟಿಸಲು ನಾಲಿಗೆ ಒಪ್ಪುವುದಿಲ್ಲ. ರೋಸ್, ಹಾರ್ಸ್ ಥರದ ಪದಗಳ ಕೊನೆಯಲ್ಲಿ ಇ ಮೊದಲೇ ಇರುವುದರಿಂದ ಎಸ್ ಒಂದೇ ಸಾಕು. ಸ್ಟಮಕ್‌ ಪದದ ಕೊನೆಯಲ್ಲಿ ಸಿ-ಎಚ್ ಇದ್ದರೂ ಉಚ್ಚಾರ ‘ಕ್’. ಬಹುವಚನಕ್ಕೆ ಚಪ್ಪಾಳೆ ಹೆಚ್ಚುವುದಿಲ್ಲ, ಇ ಕೂಡ ಬರುವುದಿಲ್ಲ.

ನಮ್ಮ ಮಕ್ಕಳಿಗೆ ಹೇಳಿಕೊಡುವಾಗ ಒಂದು ವಿಷಯ ಗಮನಿಸಿ. ನಾವು ಮನೆಯಲ್ಲಿ ‘ಬಸ್ಸು’, ‘ಪೆನ್ನು’ ಅನ್ನುತ್ತೇವೆ. ಕೊನೆಯ ಉಕಾರ ಸೇರಿದರೆ ಏಕವಚನಕ್ಕೇ ಎರಡು ಚಪ್ಪಾಳೆ ಬಿದ್ದು ಲೆಕ್ಕ ಕೆಡುತ್ತದೆ. ನನ್ನ ಕ್ಲಾಸಿನಲ್ಲಿ ಮೊದಲು ‘ಬಸ್‌ಸ್‌ಸ್’ ಅಂತ ಹಾವಿನ ಹಾಗೆ ಬುಸುಗುಟ್ಟಿಸಿ, ಅಲ್ಲೇ ಬಾಯಿ ಮುಚ್ಚಿಸುತ್ತೇನೆ. ಉಕಾರ ಬಿಟ್ಟ ಮೇಲೆ ಚಪ್ಪಾಳೆ.

ಇನ್ನು ಫೋಟೊ. ಇಲ್ಲಿ ಕಿವಿಯಿಂದ ಸಹಾಯ ಇಲ್ಲ, ಇ ಇದ್ದರೂ ಇಲ್ಲದಿದ್ದರೂ ಉಚ್ಚಾರ ಒಂದೇ. ಪದ ಎಂಥದ್ದು ಅಂತ ನೋಡಬೇಕು. ಫೋಟೊಗ್ರಾಫ್ ಅನ್ನು ಮೊಟಕು ಮಾಡಿದರೆ ಫೋಟೊ. ಕಿಲೊ, ಆಟೊ ಕೂಡ ಹಾಗೇ ಮೊಟಕಾದವು. ಇವಕ್ಕೆ ಬರೀ ಎಸ್. ಓ ಹಿಂದೆ ಸ್ವರ ಇದ್ದರೂ ಬರೀ ಎಸ್: ರೇಡಿಯೊ, ವಿಡಿಯೊ, ಸ್ಟುಡಿಯೊ. ಪಿಯಾನೊ, ಸೋಲೊ ಥರ ಇಟಲಿಯಿಂದ ಬಂದ ಸಂಗೀತದ ಪದಗಳಿಗೂ ಅಷ್ಟೇ. ಇ-ಎಸ್ ಬೇಕೇ ಬೇಕು ಅನ್ನುವ ದಿನಬಳಕೆಯ ಪದಗಳು ಕಡಿಮೆ. ಪೊಟಾಟೊ, ಟೊಮೆಟೊ, ಹೀರೊ, ಎಕೊ, ಇವನ್ನು ಮಾತ್ರ ಬಾಯಿಪಾಠ ಮಾಡಿಸಿ. ಮ್ಯಾಂಗೊಗೆ ಎರಡೂ ನಡೆಯುತ್ತದೆ. ಅದಕ್ಕೆ ಯಾರಾದರೂ ಮಾರ್ಕ್ಸ್ ಕಳೆದರೆ ಡಿಕ್ಷನರಿ ತೆಗೆದುಕೊಂಡು ಹೋಗಿ ತೋರಿಸಿ.

ಆ ಇ ಬಹುವಚನಕ್ಕೆ ಮಾತ್ರ ಸೇರಿದ್ದು ಅನ್ನುವುದನ್ನೂ ಹೇಳಿ. 1992ರ ಜೂನ್‌ನಲ್ಲಿ ಅಮೆರಿಕದ ಟ್ರೆಂಟನ್ ಊರಿನ ಶಾಲೆಯೊಂದಕ್ಕೆ ಆಗಿನ ಉಪಾಧ್ಯಕ್ಷ ಡ್ಯಾನ್ ಕ್ವೇಲ್ ಬಂದಿದ್ದರು. ಹುಡುಗನೊಬ್ಬ ಬೋರ್ಡಿನ ಮೇಲೆ ಪೊಟಾಟೊ ಅಂತ ಸರಿಯಾಗಿಯೇ ಬರೆದ. ಕ್ವೇಲ್ ಅವನಿಂದ ಕೊನೆಗೆ ಒಂದು ಇ ಹಾಕಿಸಿದರು. ಸರಿ ಬರೆದ ಮಗುವಿನ ಕೈಯಲ್ಲಿ ತಪ್ಪು ಬರೆಸಿದ್ದು ನನಗೆ ಇವತ್ತಿಗೂ ಬೇಜಾರು. ನಿಮ್ಮ ಮಗಳು ಫೋಟೊಗೆ ಇ ಹಾಕಿದ್ದು ಸುಮ್ನೆ ಅಲ್ಲ. ಕಲಿತ ನಿಯಮವನ್ನು ಇನ್ನೊಂದು ಪದದ ಮೇಲೆ ಪ್ರಯೋಗಿಸಿದ್ದಾಳೆ. ಅವಳಿಗೆ ಆ ಮಾತನ್ನೂ ಹೇಳಿ.

ಪ್ರಶ್ನೆ: ಗೃಹಪ್ರವೇಶದ ಕಾರ್ಡಿನ ಕೆಳಗೆ ಇಂಗ್ಲಿಷ್‌ನಲ್ಲಿ ‘ದ ಶೆಟ್ಟೀಸ್’ ಅಂತ ಹಾಕಿಸಬೇಕು. ವೈ ತೆಗೆದು ಐ-ಇ-ಎಸ್ ಮಾಡಬೇಕಾ? ಪ್ರೆಸ್ಸಿನವರು ಅಪಾಸ್ಟ್ರಫಿ (’ ಗುರುತು) ಬೇಕು ಅನ್ನುತ್ತಾರೆ.
– ಓದುಗರು, ಮಂಗಳೂರು

ಉತ್ತರ: ಎರಡೂ ಬೇಡ. ಸಿಟಿ, ಬೇಬಿ, ಲೇಡಿ ಥರದ ಪದಗಳಲ್ಲಿ ವೈ ಹಿಂದೆ ವ್ಯಂಜನ ಇದೆ, ಆದ್ದರಿಂದ ವೈ ಹೋಗಿ ಐ-ಇ-ಎಸ್ ಬರುತ್ತದೆ. ಟಾಯ್, ಡೇ, ಕೀ ಪದಗಳಲ್ಲಿ ವೈ ಹಿಂದೆ ಸ್ವರ ಇರುವುದರಿಂದ ಬರೀ ಎಸ್. ಆದರೆ ಮನೆತನದ ಹೆಸರಿನ ಅಕ್ಷರ ಬದಲಿಸುವ ಹಾಗಿಲ್ಲ. ಶೆಟ್ಟಿ, ರೆಡ್ಡಿ, ಮೂರ್ತಿ, ಯಾವುದೇ ಇರಲಿ, ವೈ ಹಾಗೇ ಇಟ್ಟು ಮುಂದೆ ಎಸ್ ಸೇರಿಸಿ. ದಾಸ್ ಅಂತಿದ್ದರೆ ಮಾತ್ರ ಇ-ಎಸ್, ಅಲ್ಲಿ ಚಪ್ಪಾಳೆ ಹೆಚ್ಚುತ್ತದೆ.

ಬಹುವಚನ ಮಾಡಲು ಅಪಾಸ್ಟ್ರಫಿ ಬೇಡ, ಅದು ಒಡೆತನ ತೋರಿಸಲು. ‘ಶೆಟ್ಟರ ಮನೆ’ ಅಂತ ಇಂಗ್ಲಿಷ್‌ನಲ್ಲಿ ಬರೆಯುವಾಗ ಹಾಕಿ, ಅದೂ ಎಸ್ ಬರೆದಾದ ಮೇಲೆ. ಕಾರ್ಡು ಅಚ್ಚಿಗೆ ಹೋಗುವ ಮುಂಚೆ ಪ್ರೂಫ್ ತರಿಸಿಕೊಂಡು ನೋಡಿಬಿಡಿ.

ಪ್ರಶ್ನೆ: ನೈಫ್‌ಗೆ ‘ನೈವ್ಸ್’ ಆದರೆ ಕರ್ಚೀಫ್‌ಗೆ ಏನು?
– ಓದುಗರು, ವಿಜಯಪುರ

ಉತ್ತರ: ಎಫ್ ಹಾಗೇ ಇಟ್ಟು ಎಸ್ ಸೇರಿಸಿ. ಹಳೆಯ ಇಂಗ್ಲಿಷ್‌ನಲ್ಲಿ ಎರಡು ಸ್ವರಗಳ ನಡುವೆ ಬಂದ ಎಫ್ ಅನ್ನು ‘ವ’ ಅಂತ ಉಚ್ಚರಿಸುತ್ತಿದ್ದರು. ನೈಫ್, ವೈಫ್, ಲೀಫ್ ಪದಗಳ ಬಹುವಚನದಲ್ಲಿ ಆ ‘ವ’ ಉಳಿದುಕೊಂಡಿದೆ. ಕರ್ಚೀಫ್‌ನಲ್ಲಿರುವ ಚೀಫ್ ಫ್ರೆಂಚ್‌ನಿಂದ ಆಮೇಲೆ ಬಂದ ಪದ, ಅದರ ಎಫ್ ಬದಲಾಗುವುದಿಲ್ಲ. ರೂಫ್, ಬಿಲೀಫ್, ಪ್ರೂಫ್‌ಗಳಿಗೂ ಎಫ್ ಹಾಗೇ. ಸ್ಕಾರ್ಫ್‌ಗೆ ಎರಡೂ ರೂಪ ಇವೆ, ನಿಮಗೆ ಇಷ್ಟ ಬಂದದ್ದು ಬರೆಯಿರಿ.