ಹಾರ್ಮೋನ್ ತಗೊಂಡರೂ ಎಲುಬು ಗಂಡಸಿನದೇ ಆಗಿ ಉಳಿಯುತ್ತಾ? ನನ್ನ ಹೆಗಲು ನೋಡಿದರೆ ಕನ್ನಡಿಯೇ ಬೇಡ ಅನ್ನಿಸುತ್ತೆ

ಇಪ್ಪತ್ನಾಲ್ಕು ವಯಸ್ಸು, ಹಾರ್ಮೋನ್ ಶುರುವಾಗಿ ಒಂದು ವರ್ಷ ಎಂದು ಬರೆದಿದ್ದೀಯ. "ಸಾವಿರ ವರ್ಷ ಬಿಟ್ಟು ಅಗೆದು ತೆಗೆದರೂ ನಿನ್ನದು ಗಂಡಸಿನ ಎಲುಬು ಅಂತಲೇ ಹೇಳ್ತಾರೆ" ಎಂದು ಯಾರೋ ಅಂದ ಮಾತು ತಲೆಯಲ್ಲಿ ಕೂತುಬಿಟ್ಟಿದೆ, ಕನ್ನಡಿ ಮುಂದೆ ನಿಂತರೆ ಹೆಗಲು ಬಿಟ್ಟು ಬೇರೇನೂ ಕಾಣಿಸುವುದಿಲ್ಲ ಎಂದಿದ್ದೀಯ. ನಾನೂ ನಿನ್ನಂತೆ ಟ್ರಾನ್ಸ್ ಹೆಣ್ಣು, ಅಂದರೆ ಹುಟ್ಟಿದಾಗ ಗಂಡು ಎನ್ನಿಸಿಕೊಂಡು ಹೆಣ್ಣಾಗಿ ಬಾಳುವವಳು. ಹುಬ್ಬಳ್ಳಿ ಕಡೆಯವಳು. ವಯಸ್ಸಿನಲ್ಲಿ ನಿನಗಿಂತ ಬಹಳ ದೊಡ್ಡವಳು, ಹಾಗಾಗಿ ತಂಗಿ ಎಂದುಕೊಂಡು ನೀನು ಎಂದೇ ಬರೆಯುತ್ತೇನೆ. ಎಕ್ಸ್‌ರೇ, ಸಿ.ಟಿ. ತೆಗೆಯುವುದು ನನ್ನ ಕೆಲಸ. ಬೆಳಗಾದರೆ ಎಲುಬು ನೋಡುವವಳು ನಾನು.

ಕಹಿಯಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ನಿನ್ನ ವಯಸ್ಸಿಗೆ ಉದ್ದ ಮೂಳೆಗಳ ತುದಿಯ ಬೆಳವಣಿಗೆಯ ಪದರ ಮುಚ್ಚಿಹೋಗಿರುತ್ತದೆ. ಕಾಲರ್ ಬೋನಿನ ಒಳತುದಿ ಮಾತ್ರ ಇಪ್ಪತ್ತೈದರ ಆಚೆಗೂ ಕೂಡಿಕೊಳ್ಳುತ್ತಿರುತ್ತದೆ. ಆದರೆ ಅದರಿಂದ ಹೆಗಲೇನೂ ಕಿರಿದಾಗುವುದಿಲ್ಲ. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ತಗೊಂಡರೆ ಎದೆಗೂಡು ಸಣ್ಣದಾಗುತ್ತದೆ, ಸೊಂಟದ ಮೂಳೆ ಅಗಲವಾಗುತ್ತದೆ, ಎತ್ತರ ಇಳಿಯುತ್ತದೆ ಎಂದು ಯಾರಾದರೂ ಆಸೆ ಹುಟ್ಟಿಸಿದರೆ ನಂಬಬೇಡ.

ಸರಾಸರಿಯಲ್ಲಿ ಗಂಡು ಹೆಣ್ಣಿನ ಎಲುಬಿಗೆ ವ್ಯತ್ಯಾಸ ಇರುವುದೂ ನಿಜ. ಹೆಚ್ಚಿನದು ಸೊಂಟದಲ್ಲಿ. ಮುಂಭಾಗದಲ್ಲಿ ಎರಡು ಮೂಳೆ ಕೂಡುವ ಕಡೆ ಕೆಳಗೊಂದು ಕೋನ ಬರುತ್ತದೆ, ಹೆಂಗಸರಲ್ಲಿ ಅದು ಅಗಲ, ಗಂಡಸರಲ್ಲಿ ಕಿರಿದು. ತಲೆಬುರುಡೆಯಲ್ಲಿ ಹುಬ್ಬಿನ ಮೇಲಿನ ಉಬ್ಬು, ಕಿವಿಯ ಹಿಂದಿನ ಗುಬುಟು, ಗದ್ದದ ಆಕಾರ ನೋಡುತ್ತಾರೆ. ಈ ವ್ಯತ್ಯಾಸದ ಬಹುಪಾಲು ಬರುವುದು ಮೈನೆರೆಯುವ ಕಾಲದಲ್ಲಿ. ಅದಕ್ಕೆ ಮುಂಚಿನ ಮಕ್ಕಳ ಎಲುಬು ಸಿಕ್ಕರೆ ಇದು ಗಂಡು, ಇದು ಹೆಣ್ಣು ಎಂದು ನೋಟದಿಂದಲೇ ಖಚಿತವಾಗಿ ಹೇಳಲು ಪರಿಣತರೂ ಒಪ್ಪುವುದಿಲ್ಲ.

ಇನ್ನು ಆ ಸಾವಿರ ವರ್ಷದ ಮಾತು. ನಿನಗೆ ಅದನ್ನು ಹೇಳಿದವರು ಎಲುಬು ಓದುವುದೆಂದರೆ ಆಧಾರ್ ಕಾರ್ಡ್ ಓದಿದಂತೆ ಎಂದುಕೊಂಡಿದ್ದಾರೆ. ಎಲುಬು ಓದುವವರು ಬುರುಡೆಯ ಪ್ರತಿ ಗುರುತಿಗೂ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. 1 ಎಂದರೆ ಹೆಣ್ಣಿನ ಕಡೆಗೆ, 5 ಎಂದರೆ ಗಂಡಿನ ಕಡೆಗೆ, ನಡುವಿನ 3 ಎಂದರೆ ಹೇಳಲಾಗದು. ಸೊಂಟ ಪೂರ್ತಿ ಸಿಕ್ಕರೆ ಹೆಚ್ಚಿನ ಸಲ ಸರಿಯಾಗಿಯೇ ಹೇಳುತ್ತಾರೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಬರೀ ಬುರುಡೆ ಸಿಕ್ಕರೆ ತಪ್ಪು ಹೆಚ್ಚುತ್ತದೆ. ತೊಡೆಮೂಳೆಯ ತಲೆಯ ಅಳತೆಗೂ ಒಂದು ಲೆಕ್ಕ ಇದೆ: ಸುಮಾರು 43 ಮಿ.ಮೀ.ಗಿಂತ ಕಡಿಮೆ ಇದ್ದರೆ ಹೆಣ್ಣು, 47ಕ್ಕಿಂತ ಹೆಚ್ಚಿದ್ದರೆ ಗಂಡು, ನಡುವೆ ಬಂದರೆ ಅನುಮಾನ. ಆ ಅಳತೆ ಹುಟ್ಟಿದ್ದು ಅಮೆರಿಕದ ಎಲುಬುಗಳಿಂದ. ನಮ್ಮ ಕಡೆಯ ಎಷ್ಟೋ ಗಂಡಸರ ತೊಡೆಮೂಳೆ ಆ ಅನುಮಾನದ ಪಟ್ಟಿಯಲ್ಲೇ ಬಂದು ಕೂರುತ್ತದೆ. 1972ರಲ್ಲಿ ಕೆನೆತ್ ವೈಸ್ ಎಂಬ ಮಾನವಶಾಸ್ತ್ರಜ್ಞ ಹಳೆಯ ಸಂಗ್ರಹಗಳ ಲೆಕ್ಕ ತೆಗೆದು, ಎಲುಬು ಓದುವವರು ಸುಮಾರು ಶೇ. 12ರಷ್ಟು ಗಂಡಿನ ಕಡೆಗೇ ವಾಲಿದ್ದಾರೆ ಎಂದು ತೋರಿಸಿದ. ಅನುಮಾನ ಬಂದಲ್ಲೆಲ್ಲ ಗಂಡು ಎಂದು ಬರೆದುಬಿಡುವ ಚಾಳಿ ಅದು.

1988ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಒಂದು ಶವ ಸಿಕ್ಕಿತು. ಹೆಸರು ಗೊತ್ತಿಲ್ಲದ್ದರಿಂದ ಆಮೇಲೆ ಜೂಲಿ ಡೋ ಎಂದು ಕರೆದರು. ಪರೀಕ್ಷೆ ಮಾಡಿದವರು ಹೆಂಗಸು ಎಂದರು. ಸೊಂಟದ ಮೂಳೆಯ ಮೇಲಿನ ಗುಳಿಗಳನ್ನು ನೋಡಿ, ಮಗು ಹೆತ್ತವಳು ಎಂದೂ ಬರೆದರು. ಡಿ.ಎನ್.ಎ. ಪರೀಕ್ಷೆಯಿಂದ ಆಕೆ ಟ್ರಾನ್ಸ್ ಹೆಣ್ಣು ಎಂದು ಗೊತ್ತಾಗಿದ್ದು 2015ರಲ್ಲಿ. ಆಕೆಗೆ ಸ್ವಂತ ಹೆಸರು ಮರಳಿ ಸಿಕ್ಕಿದ್ದು 2025ರಲ್ಲಿ. ಈ ಕಥೆ ಓದಿದಾಗಲೆಲ್ಲ ನನಗೆ ಅಳು ಬರುತ್ತದೆ, ಯಾಕೆಂದರೆ ಅಷ್ಟು ವರ್ಷ ಅವಳನ್ನು ಗುರುತು ಹಿಡಿದು ಕೇಳಿಕೊಂಡು ಬಂದವರು ಯಾರೂ ಇರಲಿಲ್ಲ. ಆದರೆ ನಿನ್ನ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ನನಗೆ ಗೊತ್ತಿಲ್ಲ. ಅಗೆದರೆ ಗಂಡಸು ಅಂತಲೇ ಹೇಳುತ್ತಾರೆ ಎನ್ನುವವರಿಗೆ ಅವಳ ವಿಷಯ ಹೇಳು. ಇನ್ನೊಂದು ದಿಕ್ಕಿನಿಂದಲೂ ಉದಾಹರಣೆ ಇದೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ 1779ರಲ್ಲಿ ಸತ್ತ ಪೋಲೆಂಡಿನ ಸೇನಾನಿ ಕಾಸಿಮಿರ್ ಪುಲಾಸ್ಕಿ ಬದುಕಿಡೀ ಗಂಡಸಾಗಿಯೇ ಬಾಳಿದವನು. 1996ರಲ್ಲಿ ಗೋರಿ ತೆಗೆದಾಗ ಸೊಂಟದ ಮೂಳೆ ಹೆಣ್ಣಿನದರಂತೆ ಕಂಡು ಎಲ್ಲರೂ ತಬ್ಬಿಬ್ಬಾದರು. ಎಲುಬು ಅವನದೇ ಎಂದು ಡಿ.ಎನ್.ಎ. ಹೋಲಿಸಿ 2019ರಲ್ಲಿ ಹೇಳಿದರು.

ನನ್ನ ಟೇಬಲ್ ಮೇಲೆ ಕಂಡದ್ದನ್ನೂ ಹೇಳುತ್ತೇನೆ. ಎದೆಯ ಎಕ್ಸ್‌ರೇ ತೆಗೆಯುವಾಗ ಚಿತ್ರ ಮೂಡುವ ಚಪ್ಪಟೆ ಹಲಗೆಯನ್ನು, ಅಂದರೆ ಕ್ಯಾಸೆಟ್ಟನ್ನು, ಉದ್ದಕ್ಕೆ ಇಡಬೇಕೋ ಅಡ್ಡಕ್ಕೆ ಇಡಬೇಕೋ ಎಂದು ಮೈಕಟ್ಟು ನೋಡಿ ತೀರ್ಮಾನಿಸುತ್ತೇವೆ. ಹೊಲದಲ್ಲಿ ದುಡಿದ ಎಷ್ಟೋ ಅಮ್ಮಂದಿರಿಗೆ ಅಡ್ಡಕ್ಕೆ ಇಟ್ಟರೂ ಹೆಗಲಿಗೆ ಜಾಗ ಸಾಲುವುದಿಲ್ಲ, ಎಷ್ಟೋ ಗಂಡಸರು ಉದ್ದಕ್ಕೆ ಇಟ್ಟದ್ದರಲ್ಲೇ ಆರಾಮಾಗಿ ಹಿಡಿಸುತ್ತಾರೆ. ಎತ್ತರದ್ದೂ ಹಾಗೆಯೇ. ನೆದರ್ಲೆಂಡ್ಸ್‌ನ ಹೆಂಗಸರ ಸರಾಸರಿ ಎತ್ತರ ಭಾರತದ ಗಂಡಸರ ಸರಾಸರಿಗಿಂತ ಹೆಚ್ಚು.

ಹಾಗಾದರೆ ಕನ್ನಡಿಯಲ್ಲಿ ಹೆಗಲೊಂದೇ ಯಾಕೆ ಕಾಣುತ್ತದೆ? ನೀನು ಹುಡುಕುತ್ತಿರುವುದು ಅದನ್ನೇ. ನಮ್ಮ ಗೆಳತಿಯರೆಲ್ಲ ಒಟ್ಟಿಗೆ ಕೂತಾಗ ಈ ಮಾತು ಬಂದೇ ಬರುತ್ತದೆ. ಒಬ್ಬಳಿಗೆ ಹಣೆ, ಒಬ್ಬಳಿಗೆ ಗಂಟಲ ಗಂಟು, ಒಬ್ಬಳಿಗೆ ಪಾದ, ನನಗೆ ಕೈ. ಅವಳ ಹಣೆ ಉಬ್ಬಿದೆ ಎಂದು ಅವಳೇ ತೋರಿಸುವವರೆಗೆ ನನಗೆ ಗೊತ್ತೇ ಇರಲಿಲ್ಲ. ನನ್ನ ಕೈ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಒಂದೇ ಹೆಗಲು ಸೋಮವಾರ ಪರವಾಗಿಲ್ಲ ಅನ್ನಿಸಿ ಗುರುವಾರ ಬಾಗಿಲಷ್ಟು ಅಗಲ ಕಂಡರೆ, ಆ ನಾಲ್ಕು ದಿನದಲ್ಲಿ ಮೂಳೆ ಬೆಳೆದಿರುವುದಿಲ್ಲ. ಆ ದಿನ ಮನಸ್ಸು ಸೋತಿದೆ ಎಂದು ತಿಳಿ. ಕನ್ನಡಿ ಬಿಟ್ಟು ಎದ್ದು ಯಾರಾದರೂ ನಿನ್ನವರಿಗೆ ಫೋನ್ ಮಾಡು. ಸೆಲ್ಫಿ ನೋಡಿ ಮುಖವನ್ನು ಅಳೆಯಬೇಡ. ಒಂದಡಿ ದೂರದಲ್ಲಿ ಹಿಡಿದ ಮೊಬೈಲು ಮೂಗನ್ನು ಇರುವುದಕ್ಕಿಂತ ಸುಮಾರು ಶೇ. 30ರಷ್ಟು ಅಗಲ ತೋರಿಸುತ್ತದೆ ಎಂದು 2018ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿದ್ದಾರೆ. ಐದಡಿ ದೂರ ಇಟ್ಟು ತೆಗೆಸಿಕೋ.

ಇನ್ನೂ ಒಂದೇ ವರ್ಷವಾಗಿದೆ ನಿನಗೆ. ಹೆಗಲ ಅಗಲದಲ್ಲಿ ಮೂಳೆಯ ಮೇಲಿನ ಸ್ನಾಯುವಿನ ಪಾಲೂ ಇದೆ, ಅದು ನಿಧಾನಕ್ಕೆ ಇಳಿಯುತ್ತದೆ. ಕೊಬ್ಬು ಸೊಂಟ, ತೊಡೆ, ಕೆನ್ನೆಗೆ ಸರಿಯುವುದು ಮೊದಲ ಆರು ತಿಂಗಳಲ್ಲಿ ಶುರುವಾಗಿ ಎರಡರಿಂದ ಐದು ವರ್ಷದವರೆಗೂ ನಡೆಯುತ್ತದೆ. ಸೊಂಟ ತುಂಬಿಕೊಂಡಷ್ಟೂ ಹೆಗಲು ಕಣ್ಣಿಗೆ ಹೊಡೆಯುವುದು ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಪಫ್ ತೋಳು, ಬೋಟ್ ನೆಕ್ ಬೇಡ. ವಿ ಕತ್ತು ಇಟ್ಟು ಹೆಗಲ ಹೊಲಿಗೆ ಸ್ವಲ್ಪ ಒಳಗೆ ಬರುವಂತೆ ಟೈಲರ್‌ಗೆ ಹೇಳು.

ಕಾಲರ್ ಬೋನ್ ಕತ್ತರಿಸಿ ಗಿಡ್ಡ ಮಾಡುವ ಶಸ್ತ್ರಚಿಕಿತ್ಸೆಯ ಬಗ್ಗೆಯೂ ಕೇಳಿದ್ದೀಯ. ಮುಖದ ಮೂಳೆಯ ಶಸ್ತ್ರಚಿಕಿತ್ಸೆಗೆ ದೀರ್ಘ ಅನುಭವವಿದೆ. ಸ್ಯಾನ್ ಫ್ರಾನ್ಸಿಸ್ಕೋದ ಡಗ್ಲಸ್ ಔಸ್ಟರ್‌ಹೌಟ್ 1980ರ ದಶಕದಲ್ಲಿ ಬುರುಡೆಗಳನ್ನು ಅಳೆದು ನೋಡಿಯೇ ಹಣೆಯ ಕೆಲಸ ಶುರು ಮಾಡಿದವರು. ಹೆಗಲಿನದು ಅಷ್ಟು ಹಳೆಯದಲ್ಲ. ಮೂಳೆ ಕೂಡುವವರೆಗೆ ಎರಡೂ ತೋಳು ಭಾರ ಎತ್ತುವ ಹಾಗಿಲ್ಲ, ನೀನೋ ಒಬ್ಬಳೇ ಇದ್ದು ದುಡಿದು ತಿನ್ನುವವಳು. ಹಾರ್ಮೋನಿನ ಕೆಲಸ ಮುಗಿಯುವವರೆಗೆ ಆ ಯೋಚನೆ ಬದಿಗಿಡು ಎನ್ನುವುದು ನನ್ನ ಅಭಿಪ್ರಾಯ.

ನೀನು ಕೇಳದಿದ್ದರೂ ಇದೊಂದನ್ನು ಹೇಳಲೇಬೇಕು. ಎಲುಬಿನ ಆಕಾರಕ್ಕಿಂತ ಗಟ್ಟಿತನದ ಬಗ್ಗೆ ಚಿಂತೆ ಮಾಡು. ಗಂಡಸರ ಮೂಳೆಗೂ ಈಸ್ಟ್ರೋಜನ್ ಬೇಕು. 1994ರಲ್ಲಿ ವರದಿಯಾದ 28 ವರ್ಷದ ಒಬ್ಬ ಗಂಡಸಿನ ಮೈಗೆ ಈಸ್ಟ್ರೋಜನ್ ತಾಕುತ್ತಲೇ ಇರಲಿಲ್ಲ. 204 ಸೆಂ.ಮೀ. ಎತ್ತರವಾಗಿ ಇನ್ನೂ ಬೆಳೆಯುತ್ತಲೇ ಇದ್ದ, ಮೂಳೆ ಮಾತ್ರ ಟೊಳ್ಳಾಗಿತ್ತು. ನಿರ್ವಾಣ, ಅಂದರೆ ಗಂಡಿನ ಅಂಗ ತೆಗೆಸುವುದು, ಮಾಡಿಸಿಕೊಂಡು ಹಾರ್ಮೋನ್ ಇಲ್ಲದೆ ವರ್ಷಗಟ್ಟಲೆ ಕಳೆದ ನಮ್ಮ ಹಿರಿಯ ಅಕ್ಕಂದಿರ ಮೈಯಲ್ಲಿ ಗಂಡು ಹಾರ್ಮೋನೂ ಹೆಣ್ಣು ಹಾರ್ಮೋನೂ ಸಾಕಷ್ಟು ಇರುವುದಿಲ್ಲ. ಸುಮ್ಮನೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡು ನನ್ನ ಟೇಬಲ್ಲಿಗೆ ಬರುತ್ತಾರೆ. ಮುಂದೆ ನೀನೂ ಆಪರೇಷನ್ ಮಾಡಿಸಿಕೊಂಡರೆ ಹಾರ್ಮೋನನ್ನು ನಡುವೆ ನಿಲ್ಲಿಸಬೇಡ. ಮೆಡಿಕಲ್ ಶಾಪಿನ ಗರ್ಭನಿರೋಧಕ ಮಾತ್ರೆಯನ್ನು ಅದರ ಬದಲಿಗೆ ನುಂಗಲೂಬೇಡ, ರಕ್ತ ಹೆಪ್ಪುಗಟ್ಟುವ ಅಪಾಯ ಅದರಲ್ಲಿ ಹೆಚ್ಚು. ಹಾರ್ಮೋನ್ ನೋಡುವ ವೈದ್ಯರ (ಎಂಡೋಕ್ರೈನಾಲಜಿಸ್ಟ್) ಹತ್ತಿರ ಹೋದಾಗ ವಿಟಮಿನ್ ಡಿ ಪರೀಕ್ಷೆ ಬರೆಸಿಕೋ, ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಯಾವಾಗ ಬೇಕು ಎಂದು ಕೇಳು. ರಿಪೋರ್ಟ್ ಬಂದ ಮೇಲೆ ಅರ್ಥವಾಗದಿದ್ದರೆ ಇಲ್ಲೇ ಬರೆ, ಓದಿ ಹೇಳುತ್ತೇನೆ.