ಶಿವಮೊಗ್ಗದಲ್ಲಿ ನಲವತ್ತು ದಾಟಿದ ಮೇಲೆ ಓಟ ಶುರು ಮಾಡಬಹುದಾ? ಒಬ್ಬನೇ ಓಡಲಾ, ಗುಂಪು ಸೇರಲಾ?

ಖಂಡಿತ ಮಾಡಬಹುದು. ಎರಡು ಸಲ ಶುರು ಮಾಡಿ, ಎರಡು ಸಲವೂ ಕೆಲವೇ ವಾರಕ್ಕೆ ಮೊಣಕಾಲು ಹಿಡಿದುಕೊಂಡು ಬಿಟ್ಟೆ ಅಂತ ಬರೆದಿದ್ದೀರಿ. ಮೊಣಕಾಲನ್ನು ಸುಮ್ನೆ ಬೈಯಬೇಡಿ, ಅವಸರ ಜಾಸ್ತಿ ಆಗಿರಬೇಕು. ಓಡಲು ಶುರು ಮಾಡಿದರೆ ಉಸಿರು ಬೇಗ ಹದಕ್ಕೆ ಬರುತ್ತದೆ. ಪರವಾಗಿಲ್ಲವೇ ಅಂತ ಹುಮ್ಮಸ್ಸು ಹತ್ತುತ್ತದೆ. ಆದರೆ ಮೂಳೆ, ಸ್ನಾಯುವನ್ನು ಮೂಳೆಗೆ ಬಿಗಿದಿಡುವ ಸ್ನಾಯುರಜ್ಜು ಗಟ್ಟಿಯಾಗಲು ತಿಂಗಳುಗಳೇ ಬೇಕು. ಬಹಳ ಜನ ಕಾಲು ನೋವು ಮಾಡಿಕೊಳ್ಳುವುದು ಈ ನಡುವಿನ ದಿನಗಳಲ್ಲೇ.

ಗುಂಪು ಸೇರಿ. ಆದರೆ ಹರಟೆ ಹೊಡೆಯುತ್ತಾ ಓಡುವ ಗುಂಪು ಸೇರಿ. ನೆಹರೂ ಕ್ರೀಡಾಂಗಣಕ್ಕೋ ಫ್ರೀಡಂ ಪಾರ್ಕಿಗೋ ಬೆಳಿಗ್ಗೆ ಒಂದು ವಾರ ಸುಮ್ಮನೆ ನಡೆಯಲು ಹೋಗಿ, ಯಾರು ಹೇಗೆ ಅಂತ ತಾನಾಗೇ ಗೊತ್ತಾಗುತ್ತದೆ. ಹಿಂದೆ ಉಳಿದವರಿಗೆ ಕಾಯುತ್ತಾರಾ, ಇಲ್ಲವಾ, ಅದನ್ನು ನೋಡಿ.

ನಮ್ಮ ಜೊತೆ ಅಡಿಕೆ ವ್ಯಾಪಾರದವರೊಬ್ಬರು ಬರುತ್ತಾರೆ. ರಾಶಿ ಅಡಿಕೆ ರೇಟು ಎಷ್ಟಾಯಿತು, ಬೆಟ್ಟೆ ಅಡಿಕೆ ರೇಟು ಯಾಕೆ ಬಿತ್ತು, ಬಾಯಿಗೆ ಬಿಡುವೇ ಇಲ್ಲ. ಓಡುತ್ತಲೇ ಅವರಿಗೆ ಪೂರ್ತಿ ವಾಕ್ಯದಲ್ಲಿ ಎದುರು ವಾದ ಮಾಡಲು ಆಗುತ್ತಿದ್ದರೆ ನಿಮ್ಮ ವೇಗ ಸರಿ. 'ಹೂಂ', 'ಹೌದಾ' ಅಷ್ಟೇ ಹೊರಡುತ್ತಿದ್ದರೆ ಜಾಸ್ತಿ ಆಯ್ತು ಅಂತ ಅರ್ಥ. ಒಬ್ಬರೇ ಓಡುವಾಗ ಇದು ತಿಳಿಯುವುದಿಲ್ಲ ಮಾರಾಯ್ರೆ, ಇವತ್ತು ಚೆನ್ನಾಗಿದೆ ಅಂತ ಎಳೆದುಬಿಡುತ್ತೇವೆ.

ಮೊದಲು ಐದು ನಿಮಿಷ ಬಿರುಸಾಗಿ ನಡೆಯಿರಿ. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೇ ಇಪ್ಪತ್ತು ನಿಮಿಷ, ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಟ್ಟು. ಸಲೀಸು ಅನ್ನಿಸಿದ ಮೇಲೂ ಇನ್ನೊಂದು ವಾರ ಅಷ್ಟನ್ನೇ ಮಾಡಿ, ಆಮೇಲೆ ಓಟ ಸ್ವಲ್ಪ ಹೆಚ್ಚಿಸಿ. ನಡುವೆ ನಡೆಯಲು ನಾಚಿಕೆ ಬೇಡ. ಈ ಓಟ-ನಡಿಗೆ ಪದ್ಧತಿಯನ್ನು ಜನಪ್ರಿಯ ಮಾಡಿದ ಜೆಫ್ ಗ್ಯಾಲೋವೇ 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದವರು.

ಎರಡೂ ತೊಡೆ ಮರುದಿನ ಹಿಡಿದುಕೊಂಡರೆ ಅದು ಮೈಕೈ ನೋವು, ಎರಡು ಮೂರು ದಿನದಲ್ಲಿ ಹೋಗುತ್ತದೆ. ಒಂದೇ ಕಾಲಲ್ಲಿ, ಬೆರಳಿಟ್ಟು 'ಇಲ್ಲೇ' ಅಂತ ತೋರಿಸುವ ಹಾಗೆ ನೋವಿದ್ದು, ಓಡಿದಷ್ಟೂ ಜೋರಾಗುತ್ತಿದ್ದರೆ ಅಲ್ಲೇ ನಿಲ್ಲಿಸಿ. ನಡೆಯುವಾಗಲೂ ನೋವಿದ್ದರೆ, ಮೊಣಕಾಲು ಊದಿದ್ದರೆ, ಮೊದಲು ಮೂಳೆ ಡಾಕ್ಟರಿಗೆ ತೋರಿಸಿ. ಗುಂಪಿನಲ್ಲಿ ಪ್ರತಿಯೊಬ್ಬರೂ ಒಂದೊಂದು ಎಣ್ಣೆ ಹೇಳುತ್ತಾರೆ, ಕೇಳಿ ತಲೆಯಾಡಿಸಿದರೆ ಸಾಕು.

ತೀರ್ಥಹಳ್ಳಿ, ಸಾಗರದ ಕಡೆ ಊರಿಗೆ ಹೋದಾಗ ತೋಟದ ದಾರಿಯಲ್ಲಿ ಓಡಬೇಕು ಅನ್ನಿಸುತ್ತದೆ ಅಲ್ವಾ? ಏರು ಬಂದರೆ ನಡೆಯಿರಿ. ಇಳಿಜಾರೇ ಮೋಸದ್ದು. ಉಸಿರಿಗೆ ಹಗುರ, ತೊಡೆಗೂ ಮೊಣಕಾಲಿಗೂ ಭಾರ. ಹೆಜ್ಜೆ ಚಿಕ್ಕದಿರಲಿ. ಜೂನ್ ಕಳೆದ ಮೇಲೆ ಪಾಚಿ ಕಟ್ಟಿದ ಸಿಮೆಂಟು, ಕಲ್ಲುಹಾಸು ಎರಡೂ ಬೇಡ. ನೆನೆದ ಶೂ ಒಲೆ ಪಕ್ಕ ಇಡಬೇಡಿ, ಅಂಟು ಬಿಟ್ಟುಕೊಳ್ಳುತ್ತದೆ. ಒಳಗೆ ಹಳೇ ಪೇಪರ್ ತುರುಕಿ ಫ್ಯಾನ್ ಕೆಳಗಿಡಿ.

ಗುಂಪಿನಿಂದ ಒಂದು ಅಪಾಯವೂ ಇದೆ. ಯಾವುದೋ ಶನಿವಾರ ಒಬ್ಬರು 'ನಾಳೆ ಗಾಜನೂರು ಡ್ಯಾಂವರೆಗೆ ಓಡೋಣ' ಅನ್ನುತ್ತಾರೆ. ಅದು ಊರಾಚೆ, ಹೊಸಬರಿಗೆ ಬಲು ದೂರ. ಎಲ್ಲರೂ ಹೂಂ ಅನ್ನುತ್ತಾರೆ. ನೀವು ಅನ್ನಬೇಡಿ. ನಿಮ್ಮ ಇಪ್ಪತ್ತು ನಿಮಿಷ ಊರಲ್ಲೇ ಮುಗಿಸಿ, ಸ್ನಾನ ಮಾಡಿ, ತಿಂಡಿ ಹೊತ್ತಿಗೆ ಬೈಕಲ್ಲಿ ಹೋಗಿ ಸೇರಿಕೊಳ್ಳಿ.