ಇಮ್ಯಾಕ್ಸ್ ಒಳಗೆ ಶೆಲ್, ಇಶೆಲ್, ವಿಟರ್ಮ್: ಯಾವುದನ್ನು ಬಳಸಲಿ?

ಇಮ್ಯಾಕ್ಸ್ ಎಂಬ ಪಠ್ಯ ಸಂಪಾದಕದ ಒಳಗೇ ಕಮಾಂಡ್ ಓಡಿಸಲು ಇಷ್ಟೊಂದು ದಾರಿ ಇರುವಾಗ ಯಾವುದನ್ನು ಹಿಡಿಯಬೇಕು, ಶೆಲ್‌ನಲ್ಲಿ ಟಾಪ್ (ಓಡುತ್ತಿರುವ ಪ್ರೋಗ್ರಾಮ್‌ಗಳನ್ನು ಪರದೆ ತುಂಬ ತೋರಿಸುತ್ತಲೇ ಇರುವ ಕಮಾಂಡ್) ಯಾಕೆ ಸರಿಯಾಗಿ ಓಡುವುದಿಲ್ಲ ಅಂತ ಕೇಳಿದ್ದೀರಿ. ನಿಮ್ಮ ಸೆಟಪ್ ಕೆಟ್ಟಿಲ್ಲ. ಆಲ್ಟ್-ಎಕ್ಸ್ ಒತ್ತಿ ಶುರು ಮಾಡುವ 'ಶೆಲ್' ನಿಜವಾದ ಟರ್ಮಿನಲ್ ಅಲ್ಲ. ಅದು ಕಮಾಂಡ್‌ಗಳನ್ನು ಓದಿ ನಡೆಸುವ ನಿಮ್ಮ ಬ್ಯಾಷ್‌ ಅನ್ನು ಓಡಿಸಿ, ಬಂದ ಔಟ್‌ಪುಟ್‌ ಅನ್ನು ಬಫರ್‌ಗೆ (ಇಮ್ಯಾಕ್ಸ್ ಪಠ್ಯ ಇಟ್ಟು ತೋರಿಸುವ ಜಾಗ) ಹಾಕುತ್ತದೆ, ಅಷ್ಟೇ. ಕರ್ಸರನ್ನು ಪರದೆ ತುಂಬ ಓಡಾಡಿಸುವ ಪ್ರೋಗ್ರಾಮ್‌ಗಳಿಗೆ ಅಲ್ಲಿ ಜಾಗವಿಲ್ಲ.

ಆದರೂ ನಾನು ದಿನವಿಡೀ ಇರೋದು ಅದರಲ್ಲೇ. ಯಾಕೆಂದರೆ ಅಲ್ಲಿ ಎಲ್ಲವೂ ಬರೀ ಪಠ್ಯ. ಟೆಸ್ಟ್ ಓಡಿಸಿದೆ, ಸಾವಿರಾರು ಸಾಲು ಬಂತು, ತಪ್ಪಿರುವುದು ಒಂದೇ ಸಾಲಿನಲ್ಲಿ ಅಂದುಕೊಳ್ಳಿ. ಕಂಟ್ರೋಲ್-ಎಸ್ ಒತ್ತಿ ಹುಡುಕುತ್ತೇನೆ, ಬೇರೆ ಯಾವ ಫೈಲ್‌ನಲ್ಲಾದರೂ ಹುಡುಕುವ ಹಾಗೆಯೇ. 'ಕಂಪೈಲೇಶನ್-ಶೆಲ್-ಮೈನರ್-ಮೋಡ್' ಆನ್ ಇದ್ದರೆ, ಫೈಲ್ ಹೆಸರು, ಸಾಲಿನ ನಂಬರ್ ಇರುವ ಆ ಎರರ್ ಮೇಲೆ ಎಂಟರ್ ಒತ್ತಿದರೆ ಸಾಕು, ಫೈಲ್ ಅದೇ ಸಾಲಿನಲ್ಲಿ ತೆರೆದುಕೊಳ್ಳುತ್ತದೆ. ಸರಿ ಮಾಡಿ ವಾಪಸ್ ಬಂದು, ಮೇಲಿರುವ ಹಳೇ ಕಮಾಂಡ್ ಮೇಲೆ ಕರ್ಸರ್ ಇಟ್ಟು ಎಂಟರ್ ಒತ್ತುತ್ತೇನೆ. ಅದು ಕೆಳಗೆ ಮತ್ತೆ ಓಡುತ್ತದೆ. ಈಗಷ್ಟೇ ಬಂದ ಔಟ್‌ಪುಟ್ ಬೇಡವೆಂದರೆ ಕಂಟ್ರೋಲ್-ಸಿ ಕಂಟ್ರೋಲ್-ಓ. ಈ ಸುಖ ಒಮ್ಮೆ ರೂಢಿಯಾದರೆ ಬಿಡೋದು ಕಷ್ಟ.

ಟಾಪ್, ವಿಮ್ (ಟರ್ಮಿನಲ್ ಒಳಗೆ ಓಡುವ ಇನ್ನೊಂದು ಸಂಪಾದಕ) ಥರದ್ದು ಬೇಕಾದಾಗ ಮಾತ್ರ ಪೂರ್ಣ ಟರ್ಮಿನಲ್‌ನಂತೆ ನಡೆಯುವ ವಿಟರ್ಮ್ ತೆರೆಯಿರಿ. ಅದರ ಒಂದು ಭಾಗ ಸಿ ಭಾಷೆಯಲ್ಲಿದೆ, ಹಾಗಾಗಿ ಇನ್‌ಸ್ಟಾಲ್ ಮಾಡುವಾಗ ಕಂಪೈಲ್ ಆಗಬೇಕು. ಅದಕ್ಕೆ ಬೇಕಾದ ಸಿಮೇಕ್ ಎಂಬ ಸಾಧನ ಮೊದಲೇ ಇರಲಿ. ಅಲ್ಲಿ ನೀವು ಒತ್ತಿದ ಕೀ ಹೆಚ್ಚಾಗಿ ಒಳಗಿನ ಪ್ರೋಗ್ರಾಮ್‌ಗೇ ಹೋಗುತ್ತದೆ. ಕಾಪಿ ಮಾಡಬೇಕಾದರೆ ಕಂಟ್ರೋಲ್-ಸಿ ಕಂಟ್ರೋಲ್-ಟಿ ಒತ್ತಿ ಕಾಪಿ ಮೋಡ್‌ಗೆ ಹೋಗಬೇಕು. ಕಂಪೈಲ್ ಮಾಡಲು ಆಗದಿದ್ದರೆ, ಇಮ್ಯಾಕ್ಸ್ ಜೊತೆಗೇ ಬರುವ ಆನ್ಸಿ-ಟರ್ಮ್ ಎಂಬ ಟರ್ಮಿನಲ್ ಸಾಕು.

ಇಶೆಲ್ ಬೇರೆಯದೇ ಪ್ರಾಣಿ. ಜಾನ್ ವೀಗ್ಲಿ ಅದನ್ನು ಪೂರ್ತಿ ಇಮ್ಯಾಕ್ಸ್‌ನದೇ ಭಾಷೆಯಾದ ಇಲಿಸ್ಪ್‌ನಲ್ಲಿ ಬರೆದರು, ಹಿಂದೆ ಬ್ಯಾಷ್ ಇಲ್ಲವೇ ಇಲ್ಲ. ಹಾಗಾಗಿ ಬ್ಯಾಷ್‌ನಲ್ಲಿ ಬರೆದು ರೂಢಿಯಾದ ಲೂಪ್‌ಗಳನ್ನು ಅಲ್ಲಿ ಹಾಗೇ ಅಂಟಿಸಿದರೆ ನಡೆಯುವುದಿಲ್ಲ. ಆದರೆ ದೂರದ ಸರ್ವರ್ ಕೆಲಸ ಜಾಸ್ತಿ ಇದ್ದರೆ ಅದನ್ನು ಖಂಡಿತ ನೋಡಿ. ಫೋಲ್ಡರ್ ಬದಲಿಸುವ ಸಿಡಿ ಕಮಾಂಡ್‌ಗೆ ಟ್ರ್ಯಾಂಪ್ (ದೂರದ ಯಂತ್ರದ ಫೈಲ್‌ಗಳನ್ನು ತೆರೆಯುವ ಇಮ್ಯಾಕ್ಸ್ ಸೌಲಭ್ಯ) ವಿಳಾಸ ಕೊಟ್ಟರೆ ನೇರವಾಗಿ ಆ ಯಂತ್ರದ ಫೋಲ್ಡರ್‌ಗೆ ಹೋಗುತ್ತೀರಿ, ಮುಂದಿನ ಕಮಾಂಡ್ ಅಲ್ಲೇ ಓಡುತ್ತದೆ.

ಇನ್ನೊಂದು ಮಾತು. ಶೆಲ್‌ನಲ್ಲಿ ಗಿಟ್ ಲಾಗ್ (ಕೋಡ್ ಬದಲಾವಣೆಗಳ ಇತಿಹಾಸ ತೋರಿಸುವ ಕಮಾಂಡ್) ಹೊಡೆದಾಗ ಪೇಜರ್, ಅಂದರೆ ಔಟ್‌ಪುಟ್ ಅನ್ನು ಪುಟಪುಟವಾಗಿ ತೋರಿಸುವ ಪ್ರೋಗ್ರಾಮ್, ಎಚ್ಚರಿಕೆ ಕೊಟ್ಟು ನಿಂತುಬಿಟ್ಟರೆ ಗಾಬರಿ ಬೇಡ. ಪೇಜರ್ ವೇರಿಯಬಲ್‌ಗೆ ಕ್ಯಾಟ್ (ಎಲ್ಲವನ್ನೂ ಒಮ್ಮೆಲೇ ಸುರಿಯುವ ಕಮಾಂಡ್) ಅಂತ ಕೊಡಿ, ಲಾಗ್ ಪೂರ್ತಿ ಬಫರ್‌ಗೇ ಬರುತ್ತದೆ.